ಅಣ್ಣ ಹಾಕಿದ ಕೇಬಲ್

ಆ ಮಧ್ಯಾಹ್ನ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕು. ಕ್ರಮ ಕೆಟ್ಟರೆ ಇದು ಕಂಪ್ಯೂಟರ್ ಕೆಟ್ಟು ಸರಿಯಾದ ಕತೆ ಮಾತ್ರ ಆಗುತ್ತದೆ. ಅಂಥ ಕತೆ ಎಲ್ಲರ ಮನೆಯಲ್ಲೂ ಇದೆ.

ಅಣ್ಣ ಸಾಗರದಲ್ಲಿ ಮದುವೆಗಳ ವಿಡಿಯೋ ಮಾಡಿಕೊಂಡಿದ್ದವನು. ನಾನು ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಹೋದ ವರ್ಷ ಮಂಡಗದ್ದೆಯ ಹತ್ತಿರ ಒಂದು ಮದುವೆ. ವಿಡಿಯೋ ಅಣ್ಣನದು, ನಾನು ಹೆಣ್ಣಿನ ಕಡೆಯವರ ಕರೆಯ ಮೇಲೆ ಹೋಗಿದ್ದೆ. ಧಾರೆಯ ಹೊತ್ತಿಗೆ ಎಲ್ಲರ ಕಣ್ಣು ಮಂಟಪದ ಮೇಲಿತ್ತು, ನನ್ನದು ಯಾಕೋ ಅವನ ಮೇಲಿತ್ತು. ಅವನ ಬಲಗೈ ಕ್ಯಾಮೆರಾದ ಹಿಡಿಯ ಮೇಲಿಂದ ನಿಧಾನವಾಗಿ ಜಾರಿತು. ಯಾರೋ ಕರೆದಾಗ ತಿರುಗುವ ಹಾಗೆ ಅವನು ಒಂದು ಪಕ್ಕಕ್ಕೆ ತಿರುಗಿದ, ತಿರುಗುತ್ತಲೇ ಹೋಗಿ ನೆಲಕ್ಕೆ ಕುಸಿದ. ನಾನು ಕೈಯಲ್ಲಿದ್ದ ಅಕ್ಷತೆ ಹಿಡಿದುಕೊಂಡೇ ಓಡಿದೆನಂತೆ. ಅದು ನನಗೆ ನೆನಪಿಲ್ಲ. ಕ್ಯಾಮೆರಾ ಮಾತ್ರ ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು. ಆ ಭಾಗವನ್ನು ಆಮೇಲೆ ನೋಡಿದ್ದೇನೆ. ಮದುಮಕ್ಕಳ ಕೈ, ಮೇಲೆ ಹಿಡಿದ ಕಳಶ, ಆಮೇಲೆ ಚಿತ್ರ ಓರೆಯಾಗುತ್ತಾ ಬಂದು ನೆಲದ ಜಮಖಾನ, ಜನರ ಕಾಲು.

ಲಕ್ವ ಹೊಡೆದಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದ. ಮಾತು ಬಂತು, ಕಾಲು ಬಂತು, ಬಲಗೈ ಪೂರ್ತಿ ಬರಲಿಲ್ಲ. ಅಂದಿನಿಂದ ನನಗೆ ಪ್ರತಿಯೊಂದನ್ನೂ ಎರಡು ಸಲ ನೋಡುವ ಅಭ್ಯಾಸ ಅಂಟಿಕೊಂಡಿದೆ. ಗ್ಯಾಸ್ ಆರಿಸಿದ್ದು, ಬಾಗಿಲು ಹಾಕಿದ್ದು, ಎದುರಿಗೆ ಕೂತವರ ಬಾಯಿ ಓರೆಯಾಗಿಲ್ಲ ಎನ್ನುವುದು.

ಕ್ಯಾಮೆರಾ ಹಿಡಿಯುವ ಕೆಲಸ ಮುಗಿದ ಹಾಗೇ ಆಯಿತು. ಉಳಿದದ್ದು ಎಡಿಟಿಂಗ್. ಅಣ್ಣನ ಹತ್ತಿರ ಕೆಲಸ ಕಲಿತು ಹೊಸನಗರದಲ್ಲಿ ಸ್ವಂತ ಸ್ಟುಡಿಯೋ ಇಟ್ಟುಕೊಂಡವನೊಬ್ಬನಿದ್ದಾನೆ. ಅವನು ಒಂದು ನಾಮಕರಣದ ವಿಡಿಯೋ ಕಳಿಸಿ, ನೀವೇ ಎಡಿಟ್ ಮಾಡಿಕೊಡಿ ಎಂದ. ಅಣ್ಣ ಮೌಸನ್ನು ಎಡಗಡೆಗೆ ಇಟ್ಟುಕೊಂಡು ಬಹಳ ದಿನ ಕೂತು ಮುಗಿಸಿದ. ನಮಗೆ ತೋರಿಸಿದಾಗ ಅದರಲ್ಲಿ ಮಾತು ತುಟಿಗಿಂತ ಹಿಂದೆ ಬರುತ್ತಿತ್ತು. ಚೆನ್ನಾಗಿದೆ ಎಂದರು ಅತ್ತಿಗೆ. ನಾನೂ ಅದನ್ನೇ ಅಂದೆ. ಹೊಸನಗರದವನೂ ಫೋನಿನಲ್ಲಿ ಹೊಗಳಿದ, ಹೊಗಳಿ ತಾನೇ ಕೂತು ಎಲ್ಲವನ್ನೂ ಹೊಸದಾಗಿ ಎಡಿಟ್ ಮಾಡಿ ಆ ಮನೆಯವರಿಗೆ ಕೊಟ್ಟ. ಅದು ಅಣ್ಣನಿಗೆ ಗೊತ್ತಾಗಿದ್ದು ಕೆಲವು ತಿಂಗಳ ನಂತರ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೊಬೈಲಿನಲ್ಲಿ ಅದೇ ನಾಮಕರಣ ನೋಡಿದಾಗ. ತಾನು ಕತ್ತರಿಸಿದ ಜಾಗ ಯಾವುದು, ಕತ್ತರಿಸದ ಜಾಗ ಯಾವುದು ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ. ಮನೆಗೆ ಬಂದು ಜಗಳವಾಡಲಿಲ್ಲ. ಅಂದಿನಿಂದ ಯಾವುದನ್ನೂ ತೋರಿಸಿ ಹೇಗಿದೆ ಎಂದು ಕೇಳುವುದನ್ನು ಬಿಟ್ಟ.

ಹೊಸನಗರದವನು ಅಣ್ಣನ ಕ್ಯಾಮೆರಾ, ಲೈಟು, ಕಂಪ್ಯೂಟರ್ ಎಲ್ಲವನ್ನೂ ತಾನೇ ತೆಗೆದುಕೊಳ್ಳುತ್ತೇನೆ ಎಂದಿದ್ದ. ಕೆಟ್ಟ ಮನಸ್ಸಿನಿಂದಲ್ಲ. ಸುಮ್ಮನೆ ಇಟ್ಟರೆ ನಮ್ಮ ಕಡೆಯ ತಂಡಿಗೆ ಲೆನ್ಸಿನೊಳಗೆ ಬೂಸ್ಟು ಬರುತ್ತದೆ. ಅಣ್ಣ ಆಯಿತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಈಗಿನ ಕ್ಯಾಮೆರಾಗಳ ವಿಡಿಯೋ ಭಾರ, ತನ್ನ ಕಂಪ್ಯೂಟರಿನಲ್ಲಿ ತಡೆದು ತಡೆದು ಓಡುತ್ತದೆ, ಅದಕ್ಕೇ ತುಟಿಯೂ ಮಾತೂ ಹೊಂದದೇ ಇದ್ದದ್ದು ಕಣ್ಣಿಗೆ ಬೀಳಲಿಲ್ಲ ಎಂದು ಲೆಕ್ಕ ಹಾಕಿ, ವಿಡಿಯೋ ಸರಾಗವಾಗಿ ಓಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ತರಿಸಿದ. ಬೇಸಿಗೆ ರಜೆಗೆ ನಾನು ಸಾಗರಕ್ಕೆ ಹೋದಾಗ ಅದು ಬಂದು ಮೇಜಿನ ಮೇಲೆ ಕೂತಿತ್ತು.

"ಇದೊಂದು ನೋಡ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಎಲ್ಲಾ ಹೊಸನಗರಕ್ಕೆ ಹೋಗ್ಲಿ" ಎಂದ.

ಅಂಗಡಿಯವರನ್ನು ಕರೆಸಿ ಹಾಕಿಸೋಣ ಎಂದು ಅತ್ತಿಗೆ ಹೇಳಿ ನೋಡಿದರು. ಅವನು ಕೇಳಲಿಲ್ಲ. ಎಷ್ಟೋ ಸಲ ಬಿಚ್ಚಿ ಕಟ್ಟಿದ ಡಬ್ಬ ಅದು, ಇದೊಂದನ್ನು ಹಾಕಲು ಬೇರೆಯವರು ಬೇಕೇ ಎನ್ನುವುದು ಅವನ ವಾದ. ನಿಜವಾಗಿ ಅವನು ಪರೀಕ್ಷೆಗೆ ಇಟ್ಟದ್ದು ಕಾರ್ಡನ್ನಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಸಿಪಿಯು ಡಬ್ಬವನ್ನು ಜಮಖಾನದ ಮೇಲೆ ಮಲಗಿಸಿ ಅವನು ಪಕ್ಕದಲ್ಲಿ ಕೂತ. ಬಲಗೈಯನ್ನು ತೂಕದ ಕಲ್ಲಿನ ಹಾಗೆ ಡಬ್ಬದ ಮೇಲೆ ಒರಗಿಸಿ, ಕೆಲಸವನ್ನೆಲ್ಲ ಎಡಗೈಯಲ್ಲಿ ಮಾಡಿದ. ಸ್ಕ್ರೂ ಮತ್ತೆ ಮತ್ತೆ ಬಿತ್ತು. ಹೆಕ್ಕಿಕೊಡಲು ಬಗ್ಗಿದರೆ ಗದರಿದ. ಕಾರ್ಡು ಸ್ಲಾಟಿನಲ್ಲಿ ಕೂತಾಗ ಟಕ್ ಎಂಬ ಸಣ್ಣ ಸದ್ದು ಕೇಳಿತು. ಕಾರ್ಡಿಗೆ ಬೇರೆಯಾಗಿ ಕೊಡಬೇಕಾದ ಕರೆಂಟಿನ ವೈರನ್ನು ಸಿಕ್ಕಿಸಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಡಬ್ಬವನ್ನು ಮೇಜಿನ ಕೆಳಗೆ ಅದರ ಜಾಗಕ್ಕೆ ತಳ್ಳಿದೆವು. ಅದರ ಬೆನ್ನು ಗೋಡೆಯ ಕಡೆಗೆ ಇರುತ್ತದೆ, ನಡುವೆ ಕೈ ಹೋಗುವಷ್ಟೇ ಜಾಗ.

ಈಗ ಬರೆಯುವುದನ್ನು ನಾನು ಮೊಬೈಲಿನ ಟಾರ್ಚು ಹಿಡಿದು ನೋಡಿದ್ದೇನೆ. ಡಬ್ಬದ ಬೆನ್ನಿನಲ್ಲಿ ಮಾನಿಟರಿನ ಕೇಬಲ್ ಹಿಡಿಯುವ ಬಾಯಿ ಈಗ ಎರಡು ಕಡೆ ಇತ್ತು. ಮೇಲಿನದು ಮೊದಲಿನಿಂದ ಇದ್ದದ್ದು, ಕೆಳಗಿನದು ಹೊಸ ಕಾರ್ಡಿನದು. ಎರಡೂ ಒಂದೇ ಆಕಾರ. ಅಣ್ಣ ಮೊಣಕಾಲೂರಿ ಕೂತು, ಎಡಗೈಯಲ್ಲಿ ಕೇಬಲ್ ಹಿಡಿದು, "ಕೆಳಗಿಂದು" ಎಂದು ತನಗೆ ತಾನೇ ಹೇಳಿಕೊಂಡು ಕೆಳಗಿನದಕ್ಕೆ ಒತ್ತಿದ. ಕರೆಂಟ್ ಬಂದ ಮೇಲೆ ನೋಡೋಣ ಎಂದು ಎದ್ದ. ಊಟ ಮಾಡಿ, ಡಾಕ್ಟರು ಹೇಳಿದ ಹಾಗೆ ಮಲಗಿದ.

ಆಮೇಲೆ ಅತ್ತಿಗೆ ಬೇಯಿಸಿಟ್ಟಿದ್ದ ಹಲಸಿನ ಸೊಳೆಯನ್ನು ಮೆಣಸು, ಉಪ್ಪು, ಜೀರಿಗೆ ಹಾಕಿ ಕುಟ್ಟಿದರು. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ನಾನು ಉಂಡೆ ಮಾಡಿ ಕೊಟ್ಟೆ, ಅವರು ಹಪ್ಪಳ ಒತ್ತಿ ಚಾಪೆಗೆ ಹಾಕುತ್ತಾ ಹೋದರು. ಅಣ್ಣ ಮಲಗಿದ್ದರಿಂದ ಮೆಲ್ಲಗೆ ಮಾತಾಡುತ್ತಿದ್ದೆವು. ಜೋಗದ ಕಡೆಯಿಂದ ಗುಡುಗು ಕೇಳಿದಾಗ ಇಬ್ಬರೂ ಚಾಪೆಯ ತುದಿ ಹಿಡಿದು ಒಳಗೆ ಎಳೆದೆವು. ಅತ್ತಿಗೆ ಒಳಗೆ ಹೋಗಿ ಬಂದರು. ನಾಲ್ಕು ಹನಿ ಬಿದ್ದು ಗುಡುಗು ದೂರ ಹೋಯಿತು. ಅತ್ತಿಗೆ ಮತ್ತೊಮ್ಮೆ ಒಳಗೆ ಹೋಗಿ ಬಂದರು. ನಾವು ಉಳಿದ ಹಿಟ್ಟನ್ನು ಮುಗಿಸಿದೆವು.

ಚಹಾದ ಹೊತ್ತಿಗೆ ಕರೆಂಟ್ ಬಂತು. ಅಣ್ಣ ಮುಖ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತ. ನಾವಿಬ್ಬರೂ ಕೈ ತೊಳೆದು ಬಂದು ಹಿಂದೆ ನಿಂತೆವು. ಸ್ವಿಚ್ಚು ಒತ್ತಿದ. ಫ್ಯಾನ್ ತಿರುಗಿತು, ಹೊಸ ಕಾರ್ಡಿನ ಅಂಚಿನಲ್ಲಿ ದೀಪ ಹತ್ತಿತು. ಮಾನಿಟರಿನ ಮೇಲೆ ಸಿಗ್ನಲ್ ಇಲ್ಲ ಎಂಬ ಒಂದು ಸಾಲು ಬಂದು, ಸ್ವಲ್ಪ ನಿಂತು, ಹೋಯಿತು. ಕಪ್ಪು ಪರದೆಯಲ್ಲಿ ನಮ್ಮ ಮೂವರ ಮುಖ ಕಾಣಿಸುತ್ತಿತ್ತು.

ಅವನು ಗಾಬರಿಯಾಗಲಿಲ್ಲ. ಮೊದಲು ಆರಿಸಿ ಹಾಕಿದ. ಕಾರ್ಡನ್ನು ಇನ್ನಷ್ಟು ಒತ್ತಿದ. ಕರೆಂಟಿನ ವೈರು ಸಡಿಲವಾಗಿದೆಯೇ ನೋಡಿದ. ರ‍್ಯಾಮ್ ಪಟ್ಟಿಯನ್ನು ನನ್ನಿಂದ ತೆಗೆಸಿ, ನನ್ನ ಹತ್ತಿರವಿದ್ದ ರಬ್ಬರಿನಿಂದ ಅದರ ಹಿತ್ತಾಳೆಯ ಬಣ್ಣದ ಹಲ್ಲುಗಳನ್ನು ಉಜ್ಜಿಸಿ ಮತ್ತೆ ಹಾಕಿಸಿದ. ಮಾನಿಟರೇ ಹೋಗಿರಬಹುದೆಂದು ನಾವು ನಡುಮನೆಯ ಟಿವಿಯನ್ನು ಹೊತ್ತು ತಂದೆವು. ಕೇಬಲಿನ ಈ ತುದಿಯನ್ನು ಮಾನಿಟರಿನಿಂದ ಕಿತ್ತು ಟಿವಿಗೆ ಹಾಕಿದೆ. ಟಿವಿಯೂ ಸಿಗ್ನಲ್ ಇಲ್ಲ ಎಂದಿತು.

ಆಗ ಕೇಳಿದ. "ನಾನು ಮಲಗಿದ್ದಾಗ ಯಾರಾದ್ರೂ ಇದನ್ನ ಮುಟ್ಟಿದ್ರಾ?"

"ನಾವ್ಯಾಕೆ ಮುಟ್ಟೋದು? ನಾವು ಹಪ್ಪಳದ ಹತ್ರ ಇದ್ವಲ್ಲ" ಎಂದರು ಅತ್ತಿಗೆ. ನಾನೂ ಹೌದು ಎಂದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಇದನ್ನು ಈಗಲೂ ಒತ್ತಿ ಹೇಳುತ್ತೇನೆ.

ಕಾರ್ಡನ್ನೇ ತೆಗೆದು ನೋಡೋಣ ಎಂದ. ಕಂಪ್ಯೂಟರ್ ಆರಿಸಿ ಅವನು ಸ್ಕ್ರೂ ಬಿಚ್ಚಿದ, ಕರೆಂಟಿನ ವೈರು ತೆಗೆದ, ನಾನು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದೆ. ಸಲೀಸಾಗಿ ಬಂತು. ಅದು ಪೂರ್ತಿ ನನ್ನ ಕೈಗೆ ಬಂದ ಮೇಲೆ ನನಗೆ ಹೊಳೆದದ್ದು, ಮೊದಲು ಕೇಬಲ್ ಬಿಡಿಸಬೇಕಿತ್ತು ಎಂದು. ಕಾರ್ಡಿಗೆ ಕೇಬಲ್ ಸಿಕ್ಕಿಕೊಂಡಿದ್ದರೆ ಹೀಗೆ ಬರಲು ಸಾಧ್ಯವೇ ಇಲ್ಲ. ಅಣ್ಣನಿಗೂ ಅದೇ ಹೊತ್ತಿಗೆ ಹೊಳೆದಿರಬೇಕು.

"ಕೇಬಲ್ ಬಿಚ್ಚಿದ್ಯಾ?"

"ಇಲ್ಲ."

ಟಾರ್ಚು ಬಿಟ್ಟು ನೋಡಿದೆವು. ಕೇಬಲ್ ಮೇಲಿನ ಬಾಯಲ್ಲಿತ್ತು. ಹೊಸ ಕಾರ್ಡು ಕೂತರೆ ಇವನ ಕಂಪ್ಯೂಟರಿನಲ್ಲಿ ಹಳೆಯ ಬಾಯಿ ತಾನಾಗಿ ಕೆಲಸ ನಿಲ್ಲಿಸುತ್ತದೆ. ಪರದೆ ಕಪ್ಪಾದದ್ದು ಅಷ್ಟಕ್ಕೇ. ಅಣ್ಣ ಕಾರ್ಡನ್ನು ಮತ್ತೆ ಕೂರಿಸಿ ಅದರ ವೈರು ಸಿಕ್ಕಿಸಿದ, ಕೇಬಲನ್ನು ಮೇಲಿನಿಂದ ಕಿತ್ತು ಕೆಳಗಿನದಕ್ಕೆ ಹಾಕಿದ, ಇನ್ನೊಂದು ತುದಿಯನ್ನು ಮಾನಿಟರಿಗೆ ಮರಳಿಸಿ ಸ್ವಿಚ್ಚು ಒತ್ತಿದ. ಪರದೆ ಬೆಳಗಿತು. ಬಣ್ಣ ಬಂತು, ಅವನ ಫೈಲುಗಳೆಲ್ಲ ಇದ್ದಲ್ಲೇ ಬಂದು ನಿಂತವು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. ಅವರು ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ನಗುತ್ತಲೇ ಅಡಿಗೆಮನೆಗೆ ಹೋದರು.

ಅಣ್ಣ ಪರದೆಯನ್ನು ನೋಡುತ್ತಿರಲಿಲ್ಲ. ತನ್ನ ಎಡಗೈಯನ್ನು ನೋಡುತ್ತಿದ್ದ.

"ನಂಗೆ ಕೆಳಗೆ ಹಾಕಿದ್ದು ನೆನಪಿದೆ" ಎಂದ.

"ಕೆಳಗೇ ಹಾಕಿದ್ದು. ನಾನು ಟಾರ್ಚು ಹಿಡಿದು ನೋಡಿದೀನಿ."

"ನೀನು ಹಾಗೇ ಹೇಳ್ತೀಯ. ನಾಮಕರಣದ್ದೂ ಚೆನ್ನಾಗಿದೆ ಅಂದಿದ್ದೆ."

ಕೇಬಲ್ ತಾನಾಗಿ ಮೇಲೆ ಹತ್ತುವುದಿಲ್ಲ, ಯಾರೂ ಮುಟ್ಟಿಲ್ಲ, ಹಾಗಾದರೆ ಅವನು ಹಾಕಿದ್ದೇ ಮೇಲಿನದಕ್ಕೆ. ಅವನ ಲೆಕ್ಕ ನೇರವಾಗಿತ್ತು. ಜ್ಞಾಪಕಕ್ಕೂ ತೊಂದರೆ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ ಅವನು ಮರೆವನ್ನು ಮಾತ್ರ ಎಣಿಸಿದ್ದ. ಆಗದೇ ಇದ್ದದ್ದು ಆದ ಹಾಗೆ ಸ್ಪಷ್ಟವಾಗಿ ನೆನಪಾಗುವುದು ಅವನಿಗೆ ಹೊಸದು.

"ಕೈ ಹೋದ್ರೆ ಇನ್ನೊಂದು ಕೈಲಿ ಮಾಡ್ಬೋದು. ತಲೆ ಹೀಗಾದ್ರೆ ಎಂತರಲ್ಲಿ ಮಾಡೋದು?" ಎಂದು ಮೊಬೈಲ್ ತೆಗೆದು ಹೊಸನಗರದವನಿಗೆ ಫೋನು ಹಚ್ಚಿದ. ನಾಳೆ ವ್ಯಾನ್ ತಂದು ಎಲ್ಲ ತೆಗೆದುಕೊಂಡು ಹೋಗು ಎಂದು ಹೇಳಲು. ಗುಡುಗು ಅತ್ತ ಹೋಗಿತ್ತು, ಅಲ್ಲಿ ಟವರ್ ಸತ್ತಿರಬೇಕು. ಫೋನು ಹೋಗಲಿಲ್ಲ. ಮತ್ತೆ ಹಚ್ಚಿದ. ಹೋಗಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ನಿಂತ.

ನಾನು ಅಲ್ಲೇ ಕೂತೆ. ಮಂಡಗದ್ದೆಯ ಮದುವೆಯಲ್ಲಿ ನೋಡಿದ್ದನ್ನು ಡಾಕ್ಟರು ಕೇಳಿದಾಗ, ಯಾವ ಕೈ ಮೊದಲು, ಬಾಯಿ ಯಾವ ಕಡೆ, ಎಂದು ಕ್ರಮವಾಗಿ ಹೇಳಿದ್ದೆ. ಆ ದಿನ ನನ್ನ ಮಾತನ್ನು ಎಲ್ಲರೂ ನಂಬಿದ್ದರು. ಈಗ ನನ್ನ ಕಣ್ಣನ್ನು ನಾನೇ ಸಂಶಯಪಡುವ ಹಾಗಾಯಿತು. ಅವನು ಕೆಳಗಿಂದು ಎಂದದ್ದು ಕೇಳಿದ್ದೇನೆ. ಒತ್ತಿದ್ದನ್ನು ನೋಡಿದ್ದೇನೆಯೇ, ಇಲ್ಲ ಮಾತು ಕೇಳಿ ನೋಡಿದೆನೆಂದುಕೊಂಡೆನೇ. ಊಟ, ಹಿಟ್ಟು, ಚಾಪೆ, ಗುಡುಗು ಎಂದು ಮಧ್ಯಾಹ್ನವನ್ನು ಮೊದಲಿನಿಂದ ಹಾಯ್ದು ಬಂದೆ. ಅತ್ತಿಗೆ ಒಳಗೆ ಹೋಗಿ ಬಂದರು ಎನ್ನುವಲ್ಲಿ ನಿಂತೆ.

ನಮ್ಮ ಕಡೆ ಯುಗಾದಿಯಿಂದ ಮಳೆಗಾಲ ಹಿಡಿಯುವವರೆಗೆ ಗುಡುಗು ಕೇಳಿದರೆ ಮನೆಯಲ್ಲಿ ಯಾರಾದರೊಬ್ಬರು ಎದ್ದೇ ಏಳುತ್ತಾರೆ. ಟಿವಿ, ಮೋಡೆಮ್, ಫ್ರಿಜ್ಜು ಎಲ್ಲದರ ವೈರು ಕಿತ್ತು ಇಡುವುದು. ಸಿಡಿಲಿಗೆ ಒಮ್ಮೆ ಸಾಮಾನು ಸುಟ್ಟ ಮನೆಯವರು ಇನ್ನೂ ಜಾಗ್ರತೆ. ಅತ್ತಿಗೆಯದು ಅಂಥ ಮನೆ. ಅವರು ಗೋಡೆಯ ಪ್ಲಗ್ ತೆಗೆದರೆ ಸಾಕು ಎಂದು ನಂಬುವವರಲ್ಲ, ಡಬ್ಬದ ಬೆನ್ನಿಗಿರುವ ಒಂದೊಂದನ್ನೂ ಬಿಡಿಸಿ, ಗುಡುಗು ಹೋದ ಮೇಲೆ ಒಂದೊಂದನ್ನೂ ಹಾಕುತ್ತಾರೆ. ಇದನ್ನು ಯಾರೂ ಕೆಲಸ ಎಂದು ಎಣಿಸುವುದಿಲ್ಲ. ಕಸ ಗುಡಿಸಿದೆ, ನೀರು ತುಂಬಿಸಿದೆ ಎಂದಾದರೂ ಹೇಳಿಕೊಂಡೇವು, ಗುಡುಗಿಗೆ ವೈರು ಕಿತ್ತೆ ಎಂದು ಯಾರೂ ಹೇಳುವುದಿಲ್ಲ. ಅಂಥದ್ದನ್ನು ನೋಡಿದವರಿಗೂ ನೋಡಿದ್ದು ಉಳಿಯುವುದಿಲ್ಲ.

ಅತ್ತಿಗೆಯನ್ನು ಕೇಳುವ ಮೊದಲು ಕೇಬಲ್ ನೋಡಿದೆ. ಬರೀ ಬಾಯಿಮಾತಾದರೆ ನಾವಿಬ್ಬರೂ ಸೇರಿ ಇನ್ನೊಂದು ಸಮಾಧಾನ ಹುಡುಕಿದೆವು ಎಂದು ಅವನು ತಿಳಿಯುತ್ತಿದ್ದ. ಕಂಪ್ಯೂಟರ್ ಆರಿಸಿ, ಗೋಡೆಯ ಸಂದಿಯಲ್ಲಿ ಕೈ ಹಾಕಿ ಕೇಬಲಿನ ತುದಿಯನ್ನು ಬೆಳಕಿಗೆ ತಂದೆ. ತಲೆಯ ಪಕ್ಕದ ಗೀರುಗಳಲ್ಲಿ ಕೆಂಚಗೆ ಏನೋ ಮೆತ್ತಿತ್ತು. ಮೂಸಿದೆ. ಜೀರಿಗೆ.

ಅಂಗಳದಿಂದ ಅಣ್ಣನನ್ನು ಕರೆದು ತೋರಿಸಿದೆ. ಹಿಟ್ಟು ಕುಟ್ಟಿದ್ದು ನೀನು ಮಲಗಿದ ಮೇಲೆ, ನೀನು ಹಿತ್ತಿಲಿಗೆ ಬಂದೇ ಇಲ್ಲ, ನಾವು ಕೈ ತೊಳೆದ ಮೇಲೆ ಈ ತುದಿಯನ್ನು ಮುಟ್ಟಿದ್ದು ನೀನೊಬ್ಬನೇ ಎಂದು ಒಂದೊಂದಾಗಿ ಹೇಳಿದೆ. ಅವನು ಕೇಬಲನ್ನು ಮೂಗಿನ ಹತ್ತಿರ ಹಿಡಿದ, ಆಮೇಲೆ ನನ್ನ ಮುಖ ನೋಡಿದ.

"ನೀನೇ ಈಗ ಹಚ್ಚಿದ್ದಲ್ಲ ತಾನೆ?"

"ಕೆರೆದು ನೋಡು."

ಉಗುರಿನಿಂದ ಕೆರೆದ. ಒಣಗಿ ಗಟ್ಟಿಯಾಗಿದ್ದ ಹಿಟ್ಟು ಪುಡಿಯಾಗಿ ಉದುರಿತು. ಅದರ ಜೊತೆ ಮೆಣಸಿನ ಒಂದು ಬೀಜವೂ ಬಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಿಗೆಯನ್ನು ಕರೆದ.

"ಮಧ್ಯಾಹ್ನ ಗುಡುಗಿದಾಗ ಇದರ ವೈರು ತೆಗ್ದಿದ್ಯಾ?"

"ಮತ್ತೆ? ಗುಡುಗಿದ್ರೆ ತೆಗೀದೆ ಇರ್ತಾರಾ?"

"ಮುಟ್ಟಿಲ್ಲ ಅಂದ್ಯಲ್ಲೇ."

"ಹೊಸದನ್ನ ನಾನು ಮುಟ್ಟಿಲ್ಲಪ್ಪ. ವೈರು ತೆಗೆಯೋದು ದಿನಾ ಇದ್ದಿದ್ದೇ ಅಲ್ವಾ, ಅದನ್ನೂ ಹೇಳ್ಬೇಕಾ?"

ಹೇಗೆ ಹಾಕಿದೆ, ತೋರಿಸು ಎಂದ. ಅತ್ತಿಗೆ ಕೇಬಲ್ ತೆಗೆದುಕೊಂಡು, ನಮ್ಮ ಕಡೆಗೇ ಮುಖ ಮಾಡಿಕೊಂಡು, ಕೈಯನ್ನು ಹಿಂದಕ್ಕೆ ಚಾಚಿ ಒಂದೇ ಸಲಕ್ಕೆ ಸಿಕ್ಕಿಸಿದರು. ಟಾರ್ಚು ಬಿಟ್ಟು ನೋಡಿದೆ. ಮೇಲಿನ ಬಾಯಿ. ಇಷ್ಟು ವರ್ಷ ಅವರ ಕೈಗೆ ಗೊತ್ತಿದ್ದದ್ದು ಅದೊಂದೇ.

ಅಣ್ಣ ಬೈದ. ಮಲಗಿದ್ದವನನ್ನು ಎಬ್ಬಿಸಿ ಒಂದು ಮಾತು ಹೇಳಬಾರದಿತ್ತೇ, ಹಪ್ಪಳದ ಕೈಯಲ್ಲಿ ಯಾರಾದರೂ ಕಂಪ್ಯೂಟರಿಗೆ ಕೈ ಹಾಕುತ್ತಾರೆಯೇ ಎಂದು. ಸಿಡಿಲು ಬಡಿದಿದ್ದರೆ ಆಗ ಯಾರನ್ನು ಬೈಯುತ್ತಿದ್ದಿರಿ ಎಂದು ಅತ್ತಿಗೆಯೂ ಬಿಡಲಿಲ್ಲ. ಕಾಯಿಲೆಯಾದ ಮೇಲೆ ಅವರು ಅವನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾತು ಮುಗಿದ ಮೇಲೆ ಅವನು ಅಂಗೈಯಲ್ಲಿದ್ದ ಬೀಜವನ್ನು ಕಿಟಕಿಯಿಂದ ಊದಿ, ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡ. ನಾವು ಬೇರೆ ಕಡೆ ನೋಡಿದೆವು.

ಆಮೇಲೆ ಕೇಬಲನ್ನು ತಾನೇ ಕೆಳಗೆ ಹಾಕಿ, ಒಂದು ಸಲ ಎಳೆದು ಗಟ್ಟಿಯಾಗಿದೆಯೇ ನೋಡಿ, ಕಂಪ್ಯೂಟರ್ ಹಚ್ಚಿದ. ಕಾರ್ಡಿಗೆ ಬೇಕಾದದ್ದನ್ನೆಲ್ಲ ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಪರಿಚಯದವರೊಬ್ಬರು ಹಿಡಿದುಕೊಟ್ಟಿದ್ದ ಒಂದು ಮದುವೆಯ ತುಣುಕು ತೆರೆದ. ಕವಲೇದುರ್ಗದ ಕಡೆಯ ಮನೆ, ಅಂಗಳದಲ್ಲಿ ಚಪ್ಪರ. ಯಾರಿಗೂ ತೋರಿಸದೆ ಇಷ್ಟು ದಿನ ಒಬ್ಬನೇ ಅದನ್ನು ಎಡಿಟ್ ಮಾಡುತ್ತಿದ್ದನಂತೆ. ಈಗ ವಿಡಿಯೋ ತಡೆಯದೆ ಓಡಿತು. ನಿಲ್ಲಿಸಿ ನನ್ನ ಕಡೆ ತಿರುಗಿದ.

"ಕಂಡಿದ್ದು ಹೇಳು."

ನಾಲಿಗೆಯ ತುದಿಗೆ ಚೆನ್ನಾಗಿದೆ ಎಂಬ ಮಾತು ಬಂದೇ ಬಂತು. ಇನ್ನೊಮ್ಮೆ ಹಾಕು ಎಂದೆ. ಹಾಕಿದ. ಗಮನವಿಟ್ಟು ನೋಡಿದೆ.

"ಹೆಣ್ಣು ಒಪ್ಪಿಸೋ ಹೊತ್ತಿಗೆ ಅವಳಪ್ಪ ಕಣ್ಣು ಮುಚ್ಕೊಂಡ್ರಲ್ಲ, ಅಲ್ಲಿ ಕತ್ತರಿಸಿದ್ದು ಬೇಗ ಆಯ್ತು. ಅವರು ಕಣ್ಣು ಬಿಡೋವರೆಗೆ ಇರ್ಬೇಕಿತ್ತು. ಮಾತೂ ತುಟಿಯೂ ಮೊದಲಿನಷ್ಟಲ್ಲ, ಆದ್ರೂ ಇನ್ನೂ ಹೊಂದಿಲ್ಲ."

ಅವನು ಎಡಗೈಯಿಂದ ಆ ಜಾಗಕ್ಕೆ ಹೋಗಿ ತುಣುಕಿನ ಅಂಚನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಎಳೆದ. ಹೆಣ್ಣಿನ ಅಪ್ಪ ಕಣ್ಣು ಬಿಟ್ಟರು. ಇಷ್ಟು ಸಾಕಾ ಎಂದು ಕೇಳಿದ. ಇನ್ನು ಸ್ವಲ್ಪ ಎಂದೆ. ಅತ್ತಿಗೆ ಬಾಗಿಲಲ್ಲಿ ನಿಂತು, ಗಂಡಿನ ತಾಯಿಯ ಮುಖ ಹಸಿರಾಗಿದೆ ಎಂದರು. ಅದು ಅವರ ಸೀರೆಯ ಬಣ್ಣ ಮುಖಕ್ಕೆ ಹೊಡೆದದ್ದು ಎಂದು ಅಣ್ಣ. ಯಾವುದರದ್ದೇ ಆಗಲಿ, ನೋಡುವವರಿಗೆ ಹಸಿರೇ ಎಂದು ಅತ್ತಿಗೆ. ಅವನು ಗೊಣಗುತ್ತಾ ಬಣ್ಣ ಇಳಿಸಿದ.

ದೀಪ ಹಚ್ಚುವ ಹೊತ್ತಿಗೆ ಅವನ ಫೋನು ಬಡಿಯಿತು. ಹೊಸನಗರದವನು. ಫೋನ್ ಮಾಡಿದ್ದಿರೆಂದು ಮೆಸೇಜು ಬಂತು, ಏನಣ್ಣ ಎಂದು ಕೇಳಿದ್ದು ನನಗೂ ಕೇಳಿಸಿತು. ಅಣ್ಣ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಎಡಗೈಯನ್ನು ಮತ್ತೆ ಮೌಸಿನ ಮೇಲಿಟ್ಟ.

"ನಾಳೆ ಬಾ. ಎಡಿಟ್ ಮಾಡೋದು ಎಂತ ಇದ್ಯೋ ತಗೊಂಡು ಬಾ" ಎಂದ. ಅತ್ತ ಕಡೆಯವನು ಸಂತೋಷದಿಂದ ಏನೋ ಹೇಳತೊಡಗಿದ. ಅಣ್ಣ ನಡುವೆ ತಡೆದ.

"ಕೇಳಿಲ್ಲಿ. ತಪ್ಪಿದ್ರೆ ನೀನು ಸರಿ ಮಾಡ್ಕೋಬೇಡ. ನಂಗೆ ಹೇಳು."

ಅಣ್ಣ ಕಾದ. ಆಯ್ತಣ್ಣ ಎಂಬುದು ಕೇಳಿದ ಮೇಲೆಯೇ ಫೋನು ಇಟ್ಟ.